ಭಾವನ ಲೇತು, ನನ್ನ ಆನೆ

ನಮ್ಮ ಭಾವನ ಜೊತೆ ಒಂದೇ ಒಂದು ದಿನ ಕೆಲಸ ಮಾಡಿ ನೋಡಿ, ಆಮೇಲೆ ನನ್ನನ್ನು ಸಿಡುಕ ಎಂದು ಕರೆಯಿರಿ. ನಾನು ಇಪ್ಪತ್ತಾರು ವರ್ಷ ಮಾಡಿದ್ದೇನೆ. ಅಕ್ಕನ ಗಂಡ ಎಂಬ ಒಂದೇ ಕಾರಣಕ್ಕೆ ಸಹಿಸಿಕೊಂಡಿದ್ದೇನೆ. ಅವರ ಮನೆಯ ಮಹಡಿಯ ಕೋಣೆಯಲ್ಲೇ ನನ್ನ ವಾಸ, ಅವರ ಅಡುಗೆಮನೆಯಲ್ಲೇ ನನ್ನ ಊಟ. ವರ್ಕ್‌ಶಾಪಿನಲ್ಲಿ ತಿಂದ ಬೈಗುಳ ಸಾಲದೆಂದು ಮನೆಗೆ ಬಂದು ಊಟದ ಜೊತೆಗೂ ಅದನ್ನೇ ನಂಚಿಕೊಳ್ಳಬೇಕು.

ನಮ್ಮ ವರ್ಕ್‌ಶಾಪಿಗೆಲ್ಲ ಎಂಜಿನ್ ಒಂದೇ. ಅದು ಗೋಡೆಯಾಚೆಯ ಸಣ್ಣ ಕೋಣೆಯಲ್ಲಿ ಕೂತು, ಸೂರಿನ ಕೆಳಗೆ ಈ ತುದಿಯಿಂದ ಆ ತುದಿಗೆ ಹಾಯ್ದಿರುವ ಉದ್ದನೆಯ ಕಬ್ಬಿಣದ ಶಾಫ್ಟನ್ನು ತಿರುಗಿಸುತ್ತದೆ. ಶಾಫ್ಟಿನ ಮೇಲೆ ಸಾಲಾಗಿ ಪುಲ್ಲಿಗಳು. ಒಂದೊಂದು ಪುಲ್ಲಿಯಿಂದ ಅಂಗೈಯಗಲದ ಚರ್ಮದ ಬೆಲ್ಟು ಕೆಳಗಿಳಿದು ಒಂದೊಂದು ಮಷೀನನ್ನು ಓಡಿಸುತ್ತದೆ. ಒಂಬತ್ತು ಮಷೀನು, ಒಂದು ಎಂಜಿನ್. ದೊಡ್ಡ ಸಂಸಾರದ ಹಾಗೆ, ಒಬ್ಬ ಜಾಸ್ತಿ ಬಡಿಸಿಕೊಂಡರೆ ಉಳಿದವರ ತಟ್ಟೆಗೆ ಕಡಿಮೆ. ಜಾಸ್ತಿ ಬಡಿಸಿಕೊಳ್ಳುವವನು ನಾನು. ಕಬ್ಬಿಣದ ದಪ್ಪ ಹಲಗೆಗಳನ್ನು ಹೆರೆದು ಮಟ್ಟ ಮಾಡುವ ನನ್ನ ಮಷೀನಿಗೆ ಎಲ್ಲರೂ ಆನೆ ಎನ್ನುತ್ತಾರೆ. ಅದರ ಮೇಜು ಭಾರ ಹೊತ್ತು ಮುಂದೆ ಹೋಗಿ ಹಿಂದಕ್ಕೆ ತಿರುಗುವಾಗ ಬೆಲ್ಟುಗಳು ಪಕ್ಕಕ್ಕೆ ಸರಿದು ಘೀಳಿಡುತ್ತವೆ, ಎಂಜಿನ್ ಏದುಸಿರು ಬಿಡುತ್ತದೆ, ಇಡೀ ಶಾಫ್ಟು ಒಂದು ಕ್ಷಣ ನಿಧಾನವಾಗುತ್ತದೆ. ಉಳಿದವರದು ಒರಟು ಕೆಲಸ, ಅವರಿಗೆ ಅದು ಲೆಕ್ಕಕ್ಕಿಲ್ಲ. ಭಾವನದು ಕಾಗದದ ಗಿರಣಿಯ ಉದ್ದನೆಯ ರೋಲರುಗಳನ್ನು ಗರಗರ ತಿರುಗಿಸುವ ಲೇತಿಗೆ ಕಟ್ಟಿ, ಟೂಲಿನ ಮೊನೆಯಿಂದ ಹೆರೆದು ನುಣುಪು ಮಾಡುವ ಕೆಲಸ. ಅದರ ಮೇಲೆ ಕೂದಲೆಳೆಯಷ್ಟು ಗೆರೆ ಬಿದ್ದರೂ ಕಾಗದದ ಮೇಲೆ ಮೂಡುತ್ತದೆ.

"ತಿನ್ನು, ತಿನ್ನು! ಎಂಜಿನ್ ಶಕ್ತಿಯೆಲ್ಲಾ ನಿನ್ನ ಆನೆ ಹೊಟ್ಟೆಗೇ ಸುರಿ! ನಾವೆಲ್ಲಾ ಗಾಳಿ ಕುಡ್ಕೊಂಡು ಕೆಲಸ ಮಾಡ್ತೀವಿ!" ಎಂದು ಭಾವ ಆ ತುದಿಯಿಂದ ಕೂಗುತ್ತಿದ್ದರು. ನಿಮಿಷಕ್ಕೆ ಎರಡು ಸಲ ಆನೆ ಘೀಳಿಡುತ್ತಿತ್ತು, ಎರಡು ಸಲ ಭಾವ. ಹಾಡಿದ್ದೇ ಹಾಡೋ ಕಿಸುಬಾಯಿ ದಾಸ! ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಆಡಿಕೊಳ್ಳೋಣವೆಂದರೆ, ಈ ಮನುಷ್ಯ ಡೊಂಕು ನೆಲದ ಮೇಲೆ ಬಲು ಚೆನ್ನಾಗಿಯೇ ಕುಣಿಯುತ್ತಿದ್ದರು. ಅವರ ರೋಲರು ಒಂದೂ ವಾಪಸು ಬಂದದ್ದಿಲ್ಲ. ನನ್ನ ಹೊಟ್ಟೆ ಉರಿಯುತ್ತಿದ್ದುದೂ ಅದಕ್ಕೇ.

ಅಕ್ಕನನ್ನು ನೋಡಲು ಮೊದಲ ಸಲ ಮನೆಗೆ ಬಂದಾಗಲೂ ಕೂತ ಕುರ್ಚಿ ಅಲುಗಾಡುತ್ತದೆಂದು ಎಲ್ಲರೆದುರು ಗೊಣಗಿದವರು ಇವರು. ಮಾರನೆಯ ದಿನ ಯಾರೂ ಕರೆಯದೆ ಸಣ್ಣದೊಂದು ಮರದ ಚೂರು ಹಿಡಿದು ಬಂದು, ಕುರ್ಚಿಯ ಕಾಲಿಗೆ ಬಡಿದು, ನೀರೂ ಕುಡಿಯದೆ ಹೋದರು. ಅಕ್ಕ ಅದನ್ನು ನೋಡಿಯೇ ಒಪ್ಪಿಕೊಂಡಳಂತೆ. ಬುದ್ಧಿ ಎಲ್ಲಿಟ್ಟಿದ್ದಳೋ!

ಹೋದ ವರ್ಷ ಸಣ್ಣಮ್ಮ, ಅಂದರೆ ಹಳೆಯ ಯಜಮಾನರ ಮಗಳು, ಒಂದೊಂದೇ ಮಷೀನಿಗೆ ಬೇರೆ ಬೇರೆ ಮೋಟಾರು ಕೂರಿಸುವುದೆಂದು ತೀರ್ಮಾನ ಮಾಡಿದರು. ಮೊದಲ ಮೋಟಾರು ಭಾವನ ಲೇತಿಗೆ. ಶಾಫ್ಟಿನಿಂದ ಅವರ ಬೆಲ್ಟು ಬಿಚ್ಚಿದ ದಿನ ಭಾವ ಎಲ್ಲರಿಗೂ ಟೀ ಕುಡಿಸಿದರು. ಜೇಬಿಗೆ ಕೈ ಹಾಕಿದ್ದು ಜನ್ಮದಲ್ಲಿ ಅದೇ ಮೊದಲು.

"ಇವತ್ತಿಗೆ ನಿನ್ನ ಆನೆಗೂ ನಂಗೂ ಋಣ ತೀರ್ತು," ಎಂದರು. "ಇನ್ನು ನೋಡು ಕೆಲಸ ಅಂದ್ರೆ ಏನು ಅಂತ."

ನೋಡಿದೆವು. ಮೊದಲ ರೋಲರಿನ ಮೇಲೆ ಉಂಗುರ ಉಂಗುರವಾಗಿ ಗೆರೆ. ಎರಡನೆಯದೂ ಹಾಗೇ. ಮೂರನೆಯದನ್ನು ಗಿರಣಿಯವರು ಗೆರೆ ಮೂಡಿದ ಕಾಗದದ ಸಮೇತ ವಾಪಸು ಕಳಿಸಿದರು. ಮೋಟಾರಿನವನು ಬಂದು ಎಲ್ಲಾ ಬಿಚ್ಚಿ ನೋಡಿ, ಮೋಟಾರು ಗಡಿಯಾರದ ಹಾಗೆ ಓಡುತ್ತಿದೆ ಎಂದು ಹೇಳಿ ಹೋದ. ಅಲ್ಲಿಗೆ ತಪ್ಪು ಹೊರಿಸಲು ಭಾವನಿಗೆ ಯಾರೂ ಉಳಿಯಲಿಲ್ಲ. ವಯಸ್ಸು ಅರವತ್ತೊಂದು, ಕೈ ನಡುಗುತ್ತಿರಬೇಕು ಎಂದು ಉಳಿದವರು ಪಿಸುಗುಟ್ಟತೊಡಗಿದರು.

ಸಣ್ಣಮ್ಮ ಕೆಟ್ಟವರಲ್ಲ, ಮೆತ್ತಗೆ ಹೇಳಿದರು: "ಇನ್ನೊಂದು ರೋಲರ್ ಮಾಡಿ ನೋಡಿ, ಮೇಸ್ತ್ರಿ. ಅದೂ ಕೆಟ್ರೆ ಸೋಮವಾರದಿಂದ ಸ್ಟೋರ್ ನೋಡ್ಕೊಳ್ಳಿ. ಲೇತಿಗೆ ಬೇರೆಯವರನ್ನ ಹಾಕ್ತೀನಿ."

ಲೇತು ಬಿಟ್ಟರೆ ಈ ಮನುಷ್ಯನಿಗೆ ಏನಿದೆ? ಸ್ಟೋರಿನಲ್ಲಿ ಕೂತು ನಟ್ಟು ಬೋಲ್ಟು ಕೊಡುವುದೆಂದರೆ ಅವರನ್ನು ಜೀವಂತ ಹೂತ ಹಾಗೆ. ಅವರು ಕೂಗಾಡಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಅವರು ಸುಮ್ಮನಾಗಿಬಿಟ್ಟರು. ಸಂಜೆ ಅಕ್ಕ ನನ್ನನ್ನು ಮೆಟ್ಟಿಲ ಬಳಿ ತಡೆದಳು.

"ಅಡುಗೆಗೆ ಉಪ್ಪು ಹಾಕೋದೇ ಮರೆತಿದ್ದೆ ಕಣೋ. ಇವರು ಒಂದು ಮಾತು ಆಡ್ದೆ ಉಂಡು ಎದ್ರು. ಆಮೇಲೆ ದೀಪದ ಕೆಳಗೆ ಕೂತು ಕೈ ಚಾಚಿ ಚಾಚಿ ನೋಡ್ಕೊಳ್ತಿದ್ರು. ನಂಗೆ ಭಯ ಆಗ್ತಿದೆ."

ನನಗೂ ಆಯಿತು. ಇಪ್ಪತ್ತಾರು ವರ್ಷ ಈ ಬಾಯಿಗೆ ಬೀಗ ಬೀಳಲಿ ಎಂದು ಬೇಡಿದವನು ನಾನೇ, ಬಿದ್ದ ಮೇಲೆ ಊಟದ ಜೊತೆ ಬೈಗುಳಕ್ಕೆ ಕಾದು ಕೂತವನೂ ನಾನೇ.

ಮಾರನೆಯ ದಿನ ಆನೆಯನ್ನು ಅದರ ಪಾಡಿಗೆ ಓಡಲು ಬಿಟ್ಟು, ವಾಪಸು ಬಂದ ರೋಲರಿನ ಮುಂದೆ ಕುಕ್ಕರಗಾಲಲ್ಲಿ ಕೂತೆ. ಗೆರೆಗಳಿಗೆ ಬೆರಳಿಟ್ಟು ಅಳೆದೆ. ನಾಲ್ಕು ಬೆರಳಿಗೊಂದು ಗೆರೆ, ಮತ್ತೆ ನಾಲ್ಕು ಬೆರಳಿಗೊಂದು. ನಡುಗುವ ಕೈ ಹೀಗೆ ಅಳತೆಯಿಟ್ಟು ನಡುಗುತ್ತದೆಯೇ? ಅಷ್ಟರಲ್ಲಿ ಹಿಂದೆ ಆನೆ ಘೀಳಿಟ್ಟಿತು. ತಲೆಯೆತ್ತಿದೆ. ಲೇತಿನ ಮುಂದೆ ಭಾವ ಕೊನೆಯ ರೋಲರಿನ ಒರಟು ಹೆರೆತಕ್ಕೆ ಹ್ಯಾಂಡಲು ತಿರುಗಿಸುತ್ತ ಟೂಲನ್ನು ಅದರುದ್ದಕ್ಕೂ ನಡೆಸುತ್ತಿದ್ದರು. ಆ ಕೂಗಿಗೆ ಅವರ ಬಲಗೈ ಕಣ್ಣು ಮಿಟುಕಿಸುವಷ್ಟು ಹೊತ್ತು ನಿಂತು, ಮತ್ತೆ ಹೊರಟಿತು. ಅರ್ಧ ನಿಮಿಷಕ್ಕೆ ಮತ್ತೊಂದು ಕೂಗು, ಕೈ ಮತ್ತೆ ನಿಂತಿತು.

ಅಯ್ಯೋ ನನ್ನ ಕರ್ಮವೇ! ಶಾಫ್ಟು ನಿಧಾನವಾದಾಗಲೆಲ್ಲ ಭಾವ ಕೈಯನ್ನೂ ಅಷ್ಟೇ ನಿಧಾನ ಮಾಡುತ್ತಿದ್ದರು; ಆದ್ದರಿಂದಲೇ ಗೆರೆ ಬೀಳುತ್ತಿರಲಿಲ್ಲ. ಈಗ ಲೇತು ನಿಲ್ಲದೆ ಒಂದೇ ಸಮ ಓಡುತ್ತಿದೆ, ಕೈ ಮಾತ್ರ ಆನೆಗೆ ದಾರಿ ಬಿಡುತ್ತಲೇ ಇದೆ, ನಿಂತಲ್ಲಿ ಟೂಲು ಗೆರೆ ಕೊರೆಯುತ್ತಿದೆ. ಬಾಯಲ್ಲಿ ನನ್ನನ್ನು ಶಪಿಸುತ್ತಲೇ ದಿನಕ್ಕೆ ಸಾವಿರ ಸಲ ನನಗೆ ದಾರಿ ಬಿಟ್ಟಿದ್ದರು, ಮಹಾನುಭಾವರು. ಒಂದು ದಿನವಾದರೂ ಹೇಳಬಾರದಿತ್ತೇ? ನಾಚಿಕೆಯೂ ಆಯಿತು, ಸಿಟ್ಟೂ ಬಂತು.

"ಭಾವ, ಆನೆ ಕೂಗಿದಾಗ ನಿಮ್ಮ ಕೈ ನಿಲ್ಲುತ್ತೆ. ಅದಕ್ಕೇ ಗೆರೆ. ಕಿವಿಗೆ ಹತ್ತಿ ಇಟ್ಕೊಳ್ಳಿ," ಎಂದೆ.

"ನನ್ನ ಕೈ ವಿಷಯ ನಿನ್ನಿಂದ ಕಲೀಬೇಕಾ? ಟೂಲಿನ ಸದ್ದು ಕೇಳ್ದೆ ಲೇತ್ ಓಡ್ಸೋದಾ? ಕಣ್ಣಿಗೂ ಬಟ್ಟೆ ಕಟ್ಬಿಡು! ಹೋಗೋ ಅತ್ತ!"

ಇವರಿಗೆ ಬುದ್ಧಿ ಹೇಳುವುದೂ ಗೋಡೆಗೆ ಹೇಳುವುದೂ ಒಂದೇ. ಶನಿವಾರ ಅವರು ಆ ಕೊನೆಯ ರೋಲರಿನ ನುಣುಪು ಕೆಲಸಕ್ಕೆ ಟೂಲು ಕಟ್ಟಿದ ತಕ್ಷಣ ನಾನು ಆನೆಯನ್ನು ನಿಲ್ಲಿಸಿಬಿಟ್ಟೆ. ಸಣ್ಣಮ್ಮ ಬಾಗಿಲಿಂದಲೇ ಕೇಳಿದರು: "ಆನೆ ಯಾಕೆ ನಿಂತಿದೆ?"

"ಬೆಲ್ಟು ಜಾರಿದೆಯಮ್ಮ, ಸರಿ ಮಾಡ್ತಿದ್ದೀನಿ," ಎಂದು ಸುಳ್ಳು ಹೇಳಿ, ಸುಮ್ಮಸುಮ್ಮನೆ ಸ್ಪ್ಯಾನರು ಹಿಡಿದು ನಿಂತೆ.

ಟೂಲು ಈ ತುದಿಯಿಂದ ಆ ತುದಿ ಮುಟ್ಟಿತು. ಭಾವ ಮೋಟಾರು ನಿಲ್ಲಿಸಿ, ಕಣ್ಣು ಮುಚ್ಚಿ, ಹೆಬ್ಬೆರಳಿನ ಉಗುರನ್ನು ರೋಲರಿನುದ್ದಕ್ಕೂ ಎಳೆದರು. ಉಗುರು ಎಲ್ಲೂ ತಡೆಯಲಿಲ್ಲ. ಸಣ್ಣಮ್ಮನೂ ಮುಟ್ಟಿ ನೋಡಿ ನಕ್ಕರು. "ನೋಡಿದ್ರಾ ಮೇಸ್ತ್ರಿ, ಮನಸ್ಸಿಟ್ಟು ಮಾಡಿದ್ರೆ ಆಗುತ್ತೆ. ಲೇತು ನಿಮ್ಮದೇ."

ಭಾವ ತಲೆಯೆತ್ತಿ ಮೇಲೆ ನೋಡಿದರು. ನನ್ನ ಬೆಲ್ಟು ತನ್ನ ಜಾಗದಲ್ಲೇ ಇತ್ತು. ನನ್ನನ್ನು ನೋಡಿದರು. ಸುಮ್ಮನಿರಿ ಎಂದು ನಾನು ಕಣ್ಣಲ್ಲೇ ಗೋಗರೆದೆ. ಇಡೀ ಜನ್ಮ ಮಾತಾಡಬಾರದಲ್ಲೆಲ್ಲ ಮಾತಾಡಿದವರು ಈಗ ಮಾತ್ರ ಸುಮ್ಮನಿರುತ್ತಾರೆಯೇ?

"ಬೆಲ್ಟು ಜಾರಿಲ್ಲಮ್ಮ," ಎಂದರು. "ಇವನೇ ನಿಲ್ಸಿದ್ದಾನೆ. ಅದು ಕೂಗಿದ್ರೆ ನನ್ನ ಕೈ ನಿಲ್ಲುತ್ತೆ, ಅಷ್ಟು ವರ್ಷದ ಅಭ್ಯಾಸ. ಮೋಟಾರ್ ಸರಿಯಾಗೇ ಇದೆ, ಇವನದೂ ತಪ್ಪಿಲ್ಲ. ತಪ್ಪು ನಂದು. ಒಂದು ತಿಂಗಳು ಟೈಮ್ ಕೊಡಿ, ಕಲ್ತುಕೊಳ್ತೀನಿ."

ತಪ್ಪು ನಂದು ಎಂಬ ಮಾತು ಆ ಬಾಯಿಂದ ಬಂದದ್ದನ್ನು ನಾನು ಕಿವಿಯಾರೆ ಕೇಳಿದೆ. ಅಳು ಬಂತು. ಸ್ಪ್ಯಾನರು ಕೆಳಗಿಟ್ಟು ಆ ಕಡೆ ತಿರುಗಿ ನಿಂತೆ. ಸಣ್ಣಮ್ಮ ರೋಲರಿನ ಮೇಲೆ ಮತ್ತೊಮ್ಮೆ ಕೈಯಾಡಿಸಿದರು.

"ಹದಿನೈದು ದಿನ, ಮೇಸ್ತ್ರಿ. ಅದಕ್ಕಿಂತ ಜಾಸ್ತಿ ಗಿರಣಿಯವರು ಕಾಯಲ್ಲ," ಎಂದು ಹೇಳಿ ಆಫೀಸಿಗೆ ಹೋದರು.

ಭಾವ ಮೂಲೆಯಲ್ಲಿದ್ದ ಹಾಳು ರೋಲರೊಂದನ್ನು ಎಳೆದು ತಂದು ಲೇತಿಗೆ ಕಟ್ಟಿದರು.

"ಬಾಯಿ ಬಿಟ್ಕೊಂಡು ಏನು ನಿಂತಿದ್ದೀಯ? ಓಡ್ಸು ನಿನ್ನ ಆನೆನ! ಅದು ಕೂಗ್ದೆ ನಾನು ಕಲಿಯೋದು ಹೇಗೆ?"

ಓಡಿಸಿದೆ. ಆನೆ ಘೀಳಿಟ್ಟಿತು, ಭಾವನ ಕೈ ನಿಂತಿತು.

"ಥೂ, ನಿನ್ನ ಮನೆ ಹಾಳಾಗ!" ಎಂದು ಅವರು ಅಬ್ಬರಿಸಿದ್ದಕ್ಕೆ ನಾನು ರೂಢಿಯಂತೆ ತಿರುಗಿ ನೋಡಿದೆ. ಅವರು ಬೈಯುತ್ತಿದ್ದುದು ತಮ್ಮ ಬಲಗೈಗೆ.