ಮೂವತ್ತನೆಯ ಗೆರೆಯ ಮೇಲಿನ ಮನೆಗಳು

ನಮ್ಮ ಕೊಂಜೊ ಜನರಲ್ಲಿ ಐದನೆಯ ಹೆಣ್ಣುಮಗು ಎಂದರೆ ಇಥುಂಗು. ಹೆಸರಿಗಾಗಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ನಾಲ್ವರು ಅಕ್ಕಂದಿರ ಗದ್ದಲದಲ್ಲಿ ಬೆಳೆದ ಈ ಇಥುಂಗುವಿನ ದನಿ ಕಸೆಸೆ ಪಟ್ಟಣದಲ್ಲಿ ಅವಳು ಕೆಲಸ ಮಾಡುವ ನಕ್ಷೆ ಕೋಣೆಯಿಂದ ಬೀದಿಗೂ ಕೇಳುತ್ತದೆ. ಕಂಪ್ಯೂಟರಿನ ಕಡತಗಳನ್ನು ಅವಳು ಮೇಕೆಗಳಂತೆ ಗದರುತ್ತಾಳೆ. "ನೀನು ಯಾವ ಪಟ್ಟೆಯದು, ಮೊದಲು ಅದನ್ನ ಬೊಗಳು."

ಭೂಮಿ ದುಂಡಗಿದೆ, ಕಾಗದ ಚಪ್ಪಟೆ. ಅದಕ್ಕೆ ನಕ್ಷೆಯವರು ಭೂಮಿಯನ್ನು ಉದ್ದುದ್ದ ಪಟ್ಟೆಗಳಾಗಿ ಸೀಳಿ ಹಾಸಿದ್ದಾರೆ. ಅಂಥದೊಂದು ಸೀಳು, ಮೂವತ್ತನೆಯ ರೇಖಾಂಶ, ನಮ್ಮೂರ ಕಾಲುದಾರಿಯ ಮೇಲೇ ಬಿದ್ದಿದೆ. ಇಷ್ಟು ದೊಡ್ಡ ಲೋಕದಲ್ಲಿ ಅವರಿಗೆ ಬೇರೆ ಜಾಗವೇ ಸಿಗಲಿಲ್ಲ.

ಹೋದ ವರ್ಷ ಊರಿಗೆ ಕೊಳಾಯಿ ಮಂಜೂರಾಯಿತು. ನನ್ನ ಹೆಂಡತಿ ಎಂಬಾಂಬು ದಿನಕ್ಕೆ ಮೂರು ಸಲ ನದಿಗೆ ಹೋಗುವವಳು. ಅವಳ ಮುಖ ಅರಳಿತು. ಪಕ್ಕದ ಮನೆಯ ಮಸೆರೆಕಾ ಜಿಪಿಎಸ್ ಕೈಯಂತ್ರ ಹಿಡಿದು ಮನೆಮನೆಯ ಜಾಗದ ಅಂಕಿ ಬರೆದುಕೊಟ್ಟ. ಕೊನೆಯ ದಿನ ಯೋಜನೆಯ ಎಂಜಿನಿಯರ್ ಓಲಾರಾ ನನ್ನನ್ನು ಕರೆದು ನಕ್ಕ.

"ದಾರಿಯ ಪಶ್ಚಿಮದ ನಿಮ್ಮ ಒಂಬತ್ತು ಮನೆ ಪಕ್ಕದ ದೇಶದಲ್ಲಿವೆ, ಕೀನ್ಯಾದಲ್ಲಿ, ಮೇಷ್ಟ್ರೇ. ಅಲ್ಲಿಯವರನ್ನೇ ನೀರು ಕೇಳಿ. ಇವತ್ತು ಸಂಜೆಗೆ ನೀರಿನ ಯಾದಿ ಮುಚ್ತೀನಿ."

ನನಗೆ ಮೈ ಉರಿಯಿತು. ಮಸೆರೆಕಾನನ್ನು ಬೈಕಿನ ಹಿಂದೆ ಕೂರಿಸಿಕೊಂಡು ನೇರ ಇಥುಂಗುವಿನ ಬಳಿಗೆ ಹೋದೆ.

"ದಾರಿ ದಾಟಿದ್ರೆ ಸಾಕು, ಒಂದು ಲಕ್ಷ ಚಿಲ್ಲರೆ ಇದ್ದ ಅಂಕಿ ಎಂಟು ಲಕ್ಷಕ್ಕೆ ಹಾರೋದು," ಎಂದ ಮಸೆರೆಕಾ. "ಯಂತ್ರಕ್ಕೆ ಬಾಳೆಹೆಂಡ ಏರಿದೆ ಅಂದ್ಕೊಂಡು ಎರಡು ಬಾರಿಸ್ದೆ. ಆದ್ರೂ ತೋರಿಸಿದ್ದನ್ನೇ ಬರ್ಕೊಂಡೆ."

"ಬಾರಿಸಿದ್ದು ತಪ್ಪು. ಬರ್ಕೊಂಡಿದ್ದು ನಿಮ್ಮೂರ ಪುಣ್ಯ," ಎಂದಳು ಇಥುಂಗು.

ಪ್ರತಿ ಪಟ್ಟೆಗೂ ಎಣಿಕೆ ಬೇರೆ; ದಾರಿ ದಾಟಿದ ಯಂತ್ರ ತಾನಾಗಿಯೇ ಪಕ್ಕದ ಪಟ್ಟೆಯ ಎಣಿಕೆಗೆ ಹೋಗಿತ್ತು. ಓಲಾರಾ ಎಲ್ಲ ಅಂಕಿಗಳನ್ನೂ ಪೂರ್ವದ ಪಟ್ಟೆಗೇ ತುರುಕಿದ್ದರಿಂದ ಎಂಟು ಲಕ್ಷದ ಮನೆಗಳು ಪೂರ್ವಕ್ಕೆ ಕೀನ್ಯಾದವರೆಗೂ ಜಾರಿದ್ದವು. ಇಥುಂಗು ಎಂಟು ಲಕ್ಷದವನ್ನು ಬೇರೆ ಮಾಡಿ ಪಶ್ಚಿಮದ ಪಟ್ಟೆಯಲ್ಲಿ ತೆರೆದಳು. ಒಂಬತ್ತೂ ಮನೆಗಳು ದಾರಿಯ ಪಕ್ಕಕ್ಕೆ ಬಂದು ಕುಳಿತವು. ನಾನು ಎದ್ದೆ.

"ಕೂತ್ಕೊಳ್ಳಿ ಮೇಷ್ಟ್ರೇ, ಮುಗಿದಿಲ್ಲ. ನಿಮ್ಮೂರು ಎರಡೂ ಪಟ್ಟೆಗಳ ಅಂಚಲ್ಲಿದೆ. ಅಂಚಲ್ಲಿ ನಕ್ಷೆ ಹಿಗ್ಗುತ್ತೆ, ಕಿಲೋಮೀಟರಿಗೆ ಹತ್ತಿರ ಹತ್ತಿರ ಒಂದು ಮೀಟರ್. ಕೊಳವೆಯ ಲೆಕ್ಕ ತಪ್ಪಿದ್ರೆ ಕೊನೇ ಮನೆಗೇ ನೀರಿಲ್ಲ." ಕೊನೆಯ ಮನೆ ನನ್ನದು.

ಅವಳು ಹೊಸದೊಂದು ಪಟ್ಟೆ ಮಾಡಿದಳು. ಮೂವತ್ತನೆಯ ಗೆರೆಯನ್ನೇ ಅದರ ಹಿಗ್ಗಿಲ್ಲದ ನಡುಗೆರೆಯಾಗಿಟ್ಟು ಊರನ್ನೆಲ್ಲ ಅದರ ಮೇಲೆ ಹಾಸಿದಳು. ಸಂಜೆಗೆ ಮುಂಚೆ ಓಲಾರಾನ ಮುಂದಿಟ್ಟಳು.

"ಇಂಥ ಪಟ್ಟೆ ನನ್ನ ಪುಸ್ತಕದಲ್ಲೇ ಇಲ್ವಲ್ಲ," ಎಂದ ಅವನು.

"ನಾನೇ ಮಾಡಿದ್ದು. ವಿವರ ಕಡತದಲ್ಲೇ ಇದೆ."

"ಈ ಹಳ್ಳೀನ ಪಟ್ಟೆಯ ನಡುವಲ್ಲಿ ಇಟ್ಟಿದ್ದೀಯಾ?"

"ಅಗೆಯೋದು ಅಲ್ಲಿ ತಾನೆ? ನಡು ಇನ್ನೆಲ್ಲಿ ಇಡ್ಲಿ, ಕೀನ್ಯಾದಲ್ಲಾ?"

ಅವನು ಶಾಲೆಯಿಂದ ಚರ್ಚಿನವರೆಗೆ ತಾನು ಟೇಪು ಹಿಡಿದು ಅಳೆದಿದ್ದ ದೂರವನ್ನು ನಕ್ಷೆಯಲ್ಲಿ ಅಳೆದು ನೋಡಿದ. ಸರಿಹೊಂದಿತು. ಒಂಬತ್ತು ಹೆಸರುಗಳನ್ನೂ ಯಾದಿಗೆ ಸೇರಿಸಿದ.

ನಾಲ್ಕು ತಿಂಗಳಿಗೆ ನಮ್ಮ ಅಂಗಳದಲ್ಲಿ ನೀರು ಬಂತು. ನೋಡಲು ಬಂದ ಇಥುಂಗು ಹತ್ತು ನಿಮಿಷಕ್ಕೇ ಹೊರಟು ನಿಂತಳು. ಎಂಬಾಂಬು ಅವಳ ಕೈಚೀಲ ಕಿತ್ತುಕೊಂಡು ಒಳಗಿಟ್ಟಳು.

"ಕೂತ್ಕೊಳೇ, ಮೀನು ಬೇಯಿಸ್ತೀನಿ. ನಂಗೀಗ ಪುರುಸೊತ್ತಿದೆ."