ಅಕ್ಕನ ಬೆನ್ನಿಗೆ ನನ್ನ ಕಾಲು

ಅಕ್ಕನ ಬೆನ್ನಿಗೆ ಕಾಲು ತಾಕಿಸಬಾರದೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ತಾಕಿಸಿದೆ.

ನಾನು ಕಾಲು ಮುಂದಾಗಿ ಹುಟ್ಟಿದವನು. ಅಂಥವರು ಒದ್ದರೆ ಸೊಂಟದ ಉಳುಕು ಬಿಡುತ್ತದೆಂದು ನಮ್ಮ ಕಡೆ ನಂಬಿಕೆ. ಚಿಕ್ಕಂದಿನಲ್ಲಿ ನಮ್ಮೂರು ಕಲ್ಯದಲ್ಲಿ ಅರ್ಧ ಊರನ್ನೇ ಒದ್ದಿದ್ದೇನೆ — ಒದೆಸಿಕೊಂಡವರೇ ಕೈಗೆ ಬೆಲ್ಲ ಕೊಡುತ್ತಿದ್ದರು.

ಅವ್ವ ಹೋದ ಮೇಲೆ ನನ್ನನ್ನು ಸಾಕಿದವಳು ಅಕ್ಕ. ಅವಳ ಎದೆಯ ಗಡ್ಡೆ ತೆಗೆಸಿದಾಗ ಅದು ಕ್ಯಾನ್ಸರ್ ಎಂದು ನಾನು ಹೇಳಲಿಲ್ಲ. ಬರೀ ಗಡ್ಡೆ ಅಂದೆ. ಆಮೇಲೆ ಬೆನ್ನುನೋವು ಶುರುವಾಯಿತು. ಡಾಕ್ಟರು ನನ್ನೊಬ್ಬನನ್ನೇ ಒಳಗೆ ಕರೆದರು. "ಬೆನ್ನುಮೂಳೆಗೆ ಹರಡಿದೆ. ವಾಸಿ ಮಾಡೋಕಾಗಲ್ಲ. ಆದ್ರೆ ರೇಡಿಯೇಷನ್, ಅದೇ ಕರೆಂಟ್ ಅಂತಾರಲ್ಲ, ಅದು ಕೊಟ್ರೆ ನೋವು ಇಳಿಯುತ್ತೆ, ಕಾಲಿನ ಬಲ ಉಳೀಬಹುದು. ತಡ ಮಾಡ್ಬೇಡಿ. ಬೆನ್ನಿಗೆ ಪೆಟ್ಟು ಬೀಳದ ಹಾಗೆ ನೋಡ್ಕೊಳ್ಳಿ."

ಕರೆಂಟ್ ಕೊಡುವುದು ಯಾವ ಕಾಯಿಲೆಗೆಂದು ಊರಿಗೆಲ್ಲ ಗೊತ್ತು. ಅಕ್ಕನಿಗೂ ತಿಳಿದುಬಿಡುತ್ತದೆ — ಹೆದರಿದೆ. ವಾಸಿಯೇ ಆಗದ ಮೇಲೆ ಯಾಕೆ ಎಂದು ಒಳಗೊಳಗೇ... ನಾನು ಕೆಲಸಕ್ಕಿದ್ದ ಬಿಡದಿಯ ಫ್ಯಾಕ್ಟರಿಯಲ್ಲಿ ರಜೆ ಕೊಡುತ್ತಿಲ್ಲ ಎಂದು ಆಸ್ಪತ್ರೆಯವರಿಗೆ ವಾರಗಟ್ಟಲೆ ಹೇಳಿದೆ. ರಜೆ ಕೇಳಿರಲೇ ಇಲ್ಲ.

ನೋವು ತಾಳಲಾರದೆ ಒಂದು ಬೆಳಿಗ್ಗೆ ಅಕ್ಕ ಜಗುಲಿಯ ಕಂಬ ಹಿಡಿದು ನನ್ನ ಕಡೆ ಬೆನ್ನು ಮಾಡಿ ನಿಂತಳು.

"ಊರೋರ್ಗೆಲ್ಲ ಒದ್ದೆ. ಒಡಹುಟ್ದೋಳ್ಗೆ ಒದಿಯಕೆ ಏನ್ಲಾ ಧಾಡಿ ನಿಂಗೆ? ಚಿಕ್ಕೋನಾಗಿದ್ದಾಗ ನಾನ್ ಕೊಟ್ಟಿದ್ ಏಟ್ನೆಲ್ಲ ತೀರ್ಸ್ಕೊ, ಒಸಿ ಜೋರಾಗೇ ಒದಿ!"

ಅಕ್ಕಪಕ್ಕದವರು ನಕ್ಕರು. ಬೇಡ ಅಂದರೆ ಯಾಕೆಂದು ಕೇಳುತ್ತಾಳೆ. ಕಾಲೆತ್ತಿದೆ. ಮೆಲ್ಲಗೆ ಒದ್ದೆ — ಎಷ್ಟು ಮೆಲ್ಲಗೆ ಎಂಬುದನ್ನು ಇವತ್ತಿಗೂ ಅಳೆಯುತ್ತಲೇ ಇದ್ದೇನೆ. ಅಕ್ಕ ಕಂಬದ ಬುಡಕ್ಕೆ ಕುಸಿದಳು. ಮತ್ತೆ ತನ್ನ ಕಾಲ ಮೇಲೆ ನಿಲ್ಲಲಿಲ್ಲ.

ಒದೆಯದಿದ್ದರೂ ಹೀಗಾಗಬಹುದಿತ್ತು ಎಂದರು ಡಾಕ್ಟರು. ಆ ಮಾತಿನ ಮರೆಯಲ್ಲಿ ನಾನು ನಿಲ್ಲಲಾರೆ.

ಕರೆಂಟ್ ಕೊಡಿಸಿದೆವು. ಕಾಲು ಬರಲಿಲ್ಲ, ಆದರೆ ಬರಬರುತ್ತ ನೋವು ಇಳಿಯಿತು. ಅಲ್ಲಿ ಸಾಲಾಗಿ ಕೂತವರನ್ನು ನೋಡಿಯೇ ಅಕ್ಕ ಕಾಯಿಲೆಯ ಹೆಸರು ತಿಳಿದುಕೊಂಡಿದ್ದಳು. ಅವಳು ಹೆದರಲಿಲ್ಲ. ಹೆದರಿದ್ದವನು ನಾನು. ಎಷ್ಟೋ ದಿನದ ಮೇಲೆ ಅಂಗಾತ ಮಲಗಿ ನಿದ್ದೆ ಮಾಡಿ ಎದ್ದವಳು ಕೇಳಿದಳು:

"ಇಂಗೆ ನೋವು ಇಳಿಯಂಗಿದ್ರೆ ಮೊದ್ಲೇ ಯಾಕ್ಲಾ ಕೊಡಿಸ್ನಿಲ್ಲ?"

ಕರೆಂಟ್ ಕೊಡೋ ಮಿಷನ್ ಕೆಟ್ಟಿತ್ತು ಕಣಕ್ಕ, ಅಂದೆ. ಅವಳು ತಲೆಯಾಡಿಸಿದಳು. ನಂಬಿದಳೋ, ಇಲ್ಲವೋ —

ಅಕ್ಕ ಹೋಗಿ ಎಷ್ಟೋ ವರ್ಷವಾಯಿತು. ಈಗಲೂ ಸೊಂಟ ಹಿಡಿದುಕೊಂಡು ಯಾರಾದರೂ ಬಾಗಿಲಿಗೆ ಬರುತ್ತಾರೆ. ಆಸ್ಪತ್ರೆಗೆ ಹೋಗಿ ಎನ್ನುತ್ತೇನೆ. "ಯಾಕಣ್ಣ, ಕಾಲಿನ ಗುಣ ಹೋಗ್ಬುಡ್ತಾ?" ಎಂದು ನಗುತ್ತಾರೆ. ಇಷ್ಟು ವರ್ಷ ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ಇನ್ನು ಮೇಲೆ ಕೂರಿಸಿ ಇದೆಲ್ಲವನ್ನೂ ಹೇಳುತ್ತೇನೆ — ಮಿಷನ್ ಕೆಟ್ಟಿರಲಿಲ್ಲ ಎಂಬುದನ್ನೂ.