ಪೈಲಟ್ ಸಾಹೇಬರ ಭಾಷಣ

ಹೋದ ತಿಂಗಳು ನನ್ನ ಮಗ ತನ್ನ ಆಫೀಸಿನವರೊಬ್ಬರ ನಿವೃತ್ತಿ ಸಮಾರಂಭ ಮುಗಿಸಿ, ಅವರನ್ನು ಮನೆಗೆ ಬಿಟ್ಟು ಬಂದಿದ್ದ. ಅವರ ಹಾರ ಕಾರಿನ ಹಿಂದಿನ ಸೀಟಿನಲ್ಲೇ ಉಳಿದುಹೋಗಿತ್ತು. ಮಾರನೆಯ ದಿನ ಮಧ್ಯಾಹ್ನ ನಾನು ಬಾಗಿಲು ತೆಗೆದೆ. ಬಿಸಿಲಿಗೆ ಬೆಂದ ಸುಗಂಧರಾಜ, ಕೊಳೆಯಲು ಶುರುವಾದ ಸೇವಂತಿಗೆ, ಒದ್ದೆ ದಾರ... ಆ ವಾಸನೆ ಮುಖಕ್ಕೆ ಹೊಡೆದು, ಬಾಗಿಲು ಹಿಡಿದುಕೊಂಡೇ ನಿಂತುಬಿಟ್ಟೆ. ಎಪ್ಪತ್ತರ ದಶಕದಲ್ಲಿ ನನ್ನ ಅಂಬಾಸಿಡರ್ ಕಾರು ಸುಮಾರು ಎರಡು ವರ್ಷ ಇದೇ ವಾಸನೆ ಹೊತ್ತು ಜಿಲ್ಲೆಯೆಲ್ಲ ತಿರುಗಿತ್ತು.

ಆಗ ನಾನು ಚಿತ್ರದುರ್ಗದಲ್ಲಿ ಬಾಡಿಗೆ ಕಾರು ಓಡಿಸುತ್ತಿದ್ದೆ. ಎಪ್ಪತ್ತೊಂದರ ಯುದ್ಧ ಮುಗಿದಿತ್ತು. ಅದರಲ್ಲಿ ಬಾಂಬರ್ ವಿಮಾನ ಹಾರಿಸಿ ಪದಕ ಪಡೆದವರೊಬ್ಬರು ನಮ್ಮೂರಿನವರೇ ಎಂದು ಗೊತ್ತಾದಾಗ ಊರಿಗೆ ಊರೇ ಹಿಗ್ಗಿತ್ತು. ವಿಮಾನ ಇಳಿಸುವಾಗ ಬೆನ್ನುಮೂಳೆಗೆ ಪೆಟ್ಟು ಬಿದ್ದು ಅವರು ಕೆಲಸ ಬಿಡಬೇಕಾಗಿ ಬಂದಿತ್ತು. ಹೊಳಲ್ಕೆರೆ ರಸ್ತೆಯಲ್ಲಿ ಅಕ್ಕನ ಮನೆಯ ಮಹಡಿಯ ಮೇಲೊಂದು ಕೋಣೆಯಲ್ಲಿದ್ದರು. ಮದುವೆಯಾಗಿರಲಿಲ್ಲ. ಇನ್ನೂ ನಲವತ್ತು ತುಂಬಿರಲಿಲ್ಲ, ಆದರೆ ಮೆಟ್ಟಿಲಿಳಿಯುವಾಗ ಮುದುಕರ ಹಾಗೆ ಗೋಡೆ ಹಿಡಿಯುತ್ತಿದ್ದರು. ನಾವೆಲ್ಲ ಪೈಲಟ್ ಸಾಹೇಬರು ಅನ್ನುತ್ತಿದ್ದೆವು.

ಅವರಿಗೆ ಸನ್ಮಾನ ಮಾಡಿಸಲೆಂದೇ ಊರಿನ ದೊಡ್ಡ ಮನುಷ್ಯರೊಬ್ಬರು ಸಮಿತಿ ಕಟ್ಟಿ ತಾವೇ ಅಧ್ಯಕ್ಷರಾಗಿದ್ದರು. ಮುಂದಿನ ಎಲೆಕ್ಷನ್ ಮೇಲೆ ಕಣ್ಣಿಟ್ಟವರು ಅವರು. ಸಮಿತಿಯ ಕಾರು ನನ್ನದು. ಸಿರಿಗೆರೆ, ಭೀಮಸಮುದ್ರ, ಹೊಳಲ್ಕೆರೆ, ಹೊಸದುರ್ಗ, ಹೀಗೆ ವಾರಕ್ಕೆರಡು ಮೂರು ಕಡೆ. ಅಧ್ಯಕ್ಷರು ಹಿಂದೆ ಕೂರುತ್ತಿದ್ದರು, ಸಾಹೇಬರು ಮುಂದೆ ನನ್ನ ಪಕ್ಕ. ಹೊರಡುವ ಮೊದಲು ಎಷ್ಟು ಮೈಲಿ, ಪೆಟ್ರೋಲ್ ಎಷ್ಟಿದೆ ಎಂದು ತಪ್ಪದೆ ಕೇಳುತ್ತಿದ್ದರು. ಆಮೇಲೆ ಮಾತಿಲ್ಲ.

ಭಾಷಣ ಬರೆದುಕೊಟ್ಟಿದ್ದು ಅಧ್ಯಕ್ಷರೇ. ಬೆಳದಿಂಗಳ ರಾತ್ರಿ ಶತ್ರುದೇಶದ ರೈಲ್ವೆ ಯಾರ್ಡಿನಲ್ಲಿ ನಿಂತಿದ್ದ ಎಣ್ಣೆ ಟ್ಯಾಂಕರುಗಳ ಮೇಲೆ ಬಾಂಬು ಹಾಕಿದ್ದು, ಗುಂಡು ತಗುಲಿ ಒಂದು ಇಂಜಿನ್ನು ಕೆಟ್ಟಿದ್ದು, ದಾರಿ ತೋರಿಸುತ್ತಿದ್ದ ನ್ಯಾವಿಗೇಟರ್ ಗಾಯಗೊಂಡಿದ್ದು, ಉಳಿದ ಒಂದೇ ಇಂಜಿನ್ನಿನಲ್ಲಿ ವಿಮಾನವನ್ನು ತಾಯ್ನಾಡಿಗೆ ತಂದಿದ್ದು. ಕೊನೆಯಲ್ಲಿ, "ಹೆದರಿಕೆ ಎಂಬುದು ನನ್ನ ಹತ್ತಿರ ಸುಳಿಯಲಿಲ್ಲ" ಎಂಬ ಮಾತು. ಅಲ್ಲಿಗೆ ಚಪ್ಪಾಳೆ. ಕೇಳಿ ಕೇಳಿ ನನಗೂ ಬಾಯಿಪಾಠವಾಗಿತ್ತು. ಆ ನ್ಯಾವಿಗೇಟರ್ ಎರಡು ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡ ಎಂಬುದು ಭಾಷಣದಲ್ಲಿ ಇರಲಿಲ್ಲ. ಅದನ್ನು ಅವರ ಅಕ್ಕ ಒಂದು ದಿನ ನನಗೆ ಕಾಫಿ ಕೊಡುತ್ತಾ ಹೇಳಿದ್ದರು. ಪ್ರತಿ ಊರಿನಿಂದ ಬಂದಾಗಲೂ ಸಾಹೇಬರು ಹಾರಗಳನ್ನು ಕಾರಿನಲ್ಲೇ ಬಿಟ್ಟು ಇಳಿದುಹೋಗುತ್ತಿದ್ದರು. ಒಮ್ಮೆ ಅವನ್ನು ಮೇಲೆ ತಂದುಕೊಡಲೇ ಎಂದು ಕೇಳಿದೆ. ಬೇಡ ಎಂದು ಕೈಯಲ್ಲೇ ಹೇಳಿದರು.

ಹೀಗೇ ಒಂದು ದಿನ ಹೊಸದುರ್ಗದಾಚೆ ಒಂದು ಹಳ್ಳಿಯ ಶಾಲೆಯಲ್ಲಿ ಸಭೆ. ಅಧ್ಯಕ್ಷರಿಗೆ ಜ್ವರ, ಬಂದಿರಲಿಲ್ಲ. ಭಾಷಣ ಮುಗಿಯಿತು. ಮೇಷ್ಟರು ವಾಡಿಕೆಯಂತೆ ಯಾರಾದರೂ ಪ್ರಶ್ನೆ ಕೇಳುವುದಿದ್ದರೆ ಕೇಳಬಹುದು ಎಂದರು. ಮಕ್ಕಳು ನಾಚಿಕೊಂಡರು. ಹಿಂದೆ ಬೇವಿನ ಮರದಡಿ ಕಂಬಳಿ ಹೊದ್ದು ಕುಳಿತಿದ್ದ ಕುರಿಗಾರರ ಮನೆಯ ಅಜ್ಜಿಯೊಬ್ಬಳು ಎದ್ದು ನಿಂತಳು.

"ನನ್ನ ಮಕ್ಳು ಕುರಿ ಮಂದೆ ಜತೆ ಹೊಲದಾಗೇ ಮಲಗ್ತಾರೆ ಕಣಪ್ಪ. ಒಂದು ಲಾಟೀನು ಹಚ್ಚಿಟ್ಟಿರ್ತಾರೆ. ಮ್ಯಾಲೆ ಇಮಾನದಾಗೆ ಹೋಗೋರಿಗೆ ಅದು ಕಾಣ್ತತೇನಪ್ಪ?"

ಹುಡುಗರು ನಕ್ಕರು. ಮೇಷ್ಟರು, ಕುಂತ್ಕಳ್ರಿ ಅಮ್ಮಾ ಎಂದು ಗದರಿದರು. ಅಜ್ಜಿ ಕೂರಲಿಲ್ಲ. ಅವಳಿಗೆ ಉತ್ತರ ಬೇಕಿತ್ತು, ಅಷ್ಟೇ. ಸಾಹೇಬರು ಮೈಕು ಹಿಡಿದುಕೊಂಡು ಅವಳನ್ನೇ ನೋಡಿದರು.

"ಕಾಣ್ತದೆ ಅಮ್ಮ," ಎಂದರು. "ಚೆನ್ನಾಗಿ ಕಾಣ್ತದೆ."

ಅಷ್ಟು ಹೇಳಿ ವೇದಿಕೆಯಿಂದ ಇಳಿದರು. ಊಟಕ್ಕೂ ನಿಲ್ಲಲಿಲ್ಲ.

ಹೊಳಲ್ಕೆರೆ ಹತ್ತಿರ ಬರುವಾಗ ಹೊತ್ತು ಮುಳುಗಿತ್ತು. ರೈಲ್ವೆ ಗೇಟು ಹಾಕಿದ್ದರು. ಇಂಜಿನ್ ನಿಲ್ಲಿಸಿ ಕಾಯುತ್ತಾ ಕುಳಿತೆವು. ಪ್ಯಾಸೆಂಜರ್ ರೈಲೊಂದು ನಿಧಾನವಾಗಿ ಹಾದುಹೋಯಿತು, ಕಿಟಕಿಗಳಲ್ಲೆಲ್ಲ ಹಳದಿ ದೀಪ. ಗೇಟು ತೆಗೆದರು. ನಾನು ಕೀಲಿ ತಿರುಗಿಸಲು ಹೋದಾಗ ಸಾಹೇಬರು ತಡಿ ಎಂದರು. ಹಿಂದಿದ್ದ ಲಾರಿಯವನು ಹಾರನ್ ಹೊಡೆದು ಹೊಡೆದು, ಬೈದುಕೊಂಡು ಪಕ್ಕದಿಂದ ಹೋದ. ಆಗ ಅವರು ಹೇಳಿದರು.

ಯಾರ್ಡಿನಲ್ಲಿ ಟ್ಯಾಂಕರುಗಳ ಪಕ್ಕದ ಹಳಿಯ ಮೇಲೆ ಇನ್ನೊಂದು ಗಾಡಿ ನಿಂತಿತ್ತಂತೆ. ಊರೆಲ್ಲ ದೀಪ ಆರಿಸಿ ಕತ್ತಲು. ಆ ಗಾಡಿಯ ಒಂದು ಡಬ್ಬಿಯಲ್ಲಿ ಮಾತ್ರ ಸಣ್ಣ ದೀಪ. ವಿಮಾನದ ಮೂತಿಯಲ್ಲಿ ಮಲಗಿ ಕೆಳಗೆ ನೋಡುತ್ತಿದ್ದ ನ್ಯಾವಿಗೇಟರ್ ಅದನ್ನು ಕಂಡು, ಅಲ್ಲೊಂದು ದೀಪ ಇದೆ, ಜನ ಇರಬಹುದು ಎಂದನಂತೆ. ತಿರುಗಿಸಿಕೊಂಡು ಮತ್ತೊಮ್ಮೆ ಬರಬಹುದಿತ್ತು. ಬಂದರೆ ಕೆಳಗೆ ವಿಮಾನ ಹೊಡೆಯುವ ಫಿರಂಗಿಗಳು ಸಿದ್ಧವಾಗಿರುತ್ತಿದ್ದವು. ಇವರು, ಹಾಕು ಎಂದರು. ಅವನು ಹಾಕಿದ. ಆ ಗಾಡಿಯಲ್ಲಿ ಸಿಪಾಯಿಗಳಿದ್ದರೋ, ಸಂಸಾರಸ್ಥರಿದ್ದರೋ, ಕಾವಲಿನವನೊಬ್ಬನೇ ಇದ್ದನೋ ಯಾರಿಗೂ ಗೊತ್ತಿಲ್ಲ. ಮರಳುವಾಗ ಗುಂಡು ಬಿದ್ದದ್ದು ಆ ನ್ಯಾವಿಗೇಟರಿಗೆ. ಆಸ್ಪತ್ರೆಯಲ್ಲೂ ಅವನು ಕೇಳಿದ್ದು, ಆ ಗಾಡಿಯಲ್ಲಿ ಯಾರಿದ್ದರು ಎಂಬುದನ್ನೇ.

"ನನಗೆ ಹೆದರಿಕೆ ಆಗಿತ್ತು ಕಣಪ್ಪ," ಎಂದರು ಸಾಹೇಬರು. "ಅದಕ್ಕೇ ತಿರುಗಿಸಲಿಲ್ಲ."

ಹೋಗಾಣ ಸಾಹೇಬ್ರೆ ಎಂದು ಕಾರು ಚಾಲೂ ಮಾಡಿದೆ.

ಇಲ್ಲಿಯವರೆಗಿನದು ಅವರ ಕಥೆ. ಮುಂದಿನದು ನನ್ನದು. ಮೂರನೆಯ ದಿನ ಕಾರ್ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತಾ ಇದನ್ನು ಇನ್ನೊಬ್ಬ ಡ್ರೈವರನಿಗೆ ಹೇಳಿಬಿಟ್ಟೆ. ಕೆಟ್ಟ ಉದ್ದೇಶವಿರಲಿಲ್ಲ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ನಿಜ ಹೇಳಬೇಕೆಂದರೆ, ಅಷ್ಟು ದೊಡ್ಡ ಮನುಷ್ಯ ನನ್ನ ಹತ್ತಿರ ಮನಸ್ಸು ಬಿಚ್ಚಿದರಲ್ಲ ಎಂಬ ಜಂಬವಿತ್ತು. ಮಾತು ಬಾಯಿಂದ ಬಾಯಿಗೆ ಹೋಗುತ್ತಾ ಬೆಳೆಯಿತು. ಪ್ಯಾಸೆಂಜರ್ ರೈಲು ಸುಟ್ಟು ಪದಕ ಹೊಡೆದ ಎಂದು ಕೆಲವರು, ಶತ್ರುಗಳಿಗಾಗಿ ಅಳುತ್ತಾನೆ ಎಂದು ಇನ್ನು ಕೆಲವರು. ಎರಡು ಕಡೆಯವರಿಗೂ ಅವರು ಬೇಡವಾಗತೊಡಗಿದರು.

ಹಿರಿಯೂರಿನ ಸಭೆಯಲ್ಲಿ ಭಾಷಣದ ನಡುವೆ ಒಬ್ಬ ತರುಣ ಎದ್ದು ನಿಂತ. "ರೈಲಿನ ಮೇಲೆ ಬಾಂಬ್ ಹಾಕಿದ್ದು ನಿಜಾನಾ ಸಾರ್?" ಎಂದು ಕೇಳಿದ. ಅಧ್ಯಕ್ಷರು ಅವನನ್ನು ಹೊರಗೆ ಕಳಿಸಿ ಎಂದು ಸನ್ನೆ ಮಾಡಿದರು. ಸಾಹೇಬರು ಮಾತ್ರ ತಲೆಯೆತ್ತಿ ಬಾಗಿಲ ಬಳಿ ನಿಂತಿದ್ದ ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು... ಬಹಳ ದೂರ ನಡೆದು ಬಂದವನಿಗೆ ಊರು ಇನ್ನೂ ದೂರವಿದೆ ಎಂದರೆ ಮುಖ ಹೇಗಾಗುತ್ತದೋ ಹಾಗಿತ್ತು.

"ಅಲ್ಲಿ ದೀಪ ಇತ್ತು. ಯಾರಿದ್ದರು ಅಂತ ನನಗೆ ಗೊತ್ತಿಲ್ಲ," ಎಂದರು. ಕೊರಳಿನ ಹಾರ ತೆಗೆದು ಮೇಜಿನ ಮೇಲಿಟ್ಟು, ಹೊರಗೆ ಬಂದು ಕಾರಿನಲ್ಲಿ ಕುಳಿತರು.

ಅಧ್ಯಕ್ಷರು ಬೇರೆ ಕಾರಿನಲ್ಲಿ ಬಂದರು. ಹಿರಿಯೂರಿನಿಂದ ದುರ್ಗದವರೆಗೆ ನಾವಿಬ್ಬರೇ. ತಪ್ಪಾಯಿತು ಎನ್ನಬೇಕೆಂದು ದಾರಿಯುದ್ದಕ್ಕೂ ಬಾಯಿ ತೆರೆಯುವುದು, ಮುಚ್ಚುವುದು. ಮನೆ ಮುಂದೆ ಇಳಿದಾಗ ಸಾಹೇಬರೇ ನನ್ನ ಭುಜದ ಮೇಲೆ ಕೈಯಿಟ್ಟು, ಸುಸ್ತಾಗಿದೀಯ, ಮನೆಗೆ ಹೋಗಿ ಮಲಕ್ಕೋ ಎಂದರು. ಗೋಡೆ ಹಿಡಿದು ಮೆಟ್ಟಿಲು ಹತ್ತಿದರು.

ಸಮಿತಿ ಆಮೇಲೆ ಸೇರಲಿಲ್ಲ. ಒಂದು ತಿಂಗಳಿಗೆ ಅವರು ಊರು ಬಿಟ್ಟರೆಂದು ಕೇಳಿದೆ. ಉತ್ತರದ ಕಡೆ ಯಾವುದೋ ಶಾಲೆಯಲ್ಲಿ ಲೆಕ್ಕದ ಮೇಷ್ಟರ ಕೆಲಸವಂತೆ. ಸ್ಟೇಷನ್ನಿಗೆ ಹೋಗಲು ನನ್ನನ್ನು ಕರೆಯಲಿಲ್ಲ. ಜಟಕಾದಲ್ಲಿ ಹೋದರಂತೆ, ಆ ಬೆನ್ನು ಇಟ್ಟುಕೊಂಡು.

ನಾಲ್ಕೈದು ವರ್ಷದ ಮೇಲೆ ಬಸ್ ಸ್ಟ್ಯಾಂಡಿನಲ್ಲಿ ಅವರ ಅಕ್ಕ ಸಿಕ್ಕರು. ತಮ್ಮ ಅಲ್ಲೇ ತೀರಿಕೊಂಡ ಎಂದರು. ನಾನು ತಲೆ ತಗ್ಗಿಸಿ ನಿಂತೆ. ಆ ಮಾತು ಹೊರಗೆ ಹೋದದ್ದು ನನ್ನಿಂದಲೇ ಎಂದು ಅವರಿಗೆ ಗೊತ್ತಿತ್ತು. ಆದರೂ ಜೋರು ಮಾಡಲಿಲ್ಲ.

"ರೈಲಿನ ವಿಷಯ ಮನೇಲಿ ನಮಗ್ಯಾರಿಗೂ ಹೇಳಿರಲಿಲ್ಲಪ್ಪ," ಎಂದರು. "ಅವನು ಹೇಳಿದ್ದು ನಿನಗೊಬ್ಬನಿಗೇ."

ಅವರ ಬಸ್ಸು ಬಂತು. ಹತ್ತಿ ಹೋದರು. ಈಗ ಆ ಅಕ್ಕನೂ ಇಲ್ಲ, ಆ ಮಹಡಿ ಮನೆಯೂ ಇಲ್ಲ. ಆಗ ಸಾಹೇಬರಿಗಿದ್ದ ವಯಸ್ಸಿನ ಎರಡರಷ್ಟು ಈಗ ನನಗಾಗಿದೆ. ಆ ಸಂಜೆ ರೈಲ್ವೆ ಗೇಟಿನ ಬಳಿ ಕಾರು ಚಾಲೂ ಮಾಡದೆ ಇನ್ನು ಸ್ವಲ್ಪ ಹೊತ್ತು ಅವರ ಪಕ್ಕ ಸುಮ್ಮನೆ ಕುಳಿತಿರಬಹುದಿತ್ತು. ಗೇಟು ತೆರೆದೇ ಇತ್ತು. ನಮಗೆ ಯಾವ ಆತುರವೂ ಇರಲಿಲ್ಲ.